ಬೀರುವಿನೊಳಗಿನ ರೂಟರ್

ಟಿ. ನರಸೀಪುರದ ಆ ಮನೆಯಲ್ಲಿ ಸಂಜೆಯಾದರೆ ಯಾರೂ ಗಟ್ಟಿಯಾಗಿ ಮಾತಾಡುವ ಹಾಗಿರಲಿಲ್ಲ. ಕಿರಿಯ ಸೊಸೆ ಶಾಲಿನಿ ನಡುಮನೆಯ ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಒಂದು ಕೋಚಿಂಗ್ ಕಂಪನಿಯ ಪರವಾಗಿ ಎಲ್ಲೆಲ್ಲೋ ಇರುವ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಅತ್ತೆ ಸುಬ್ಬಲಕ್ಷ್ಮಮ್ಮ ಬಾಗಿಲ ಬಳಿ ಕಾವಲಿಗೆ ಕೂತಂತೆ ಕೂತಿರುತ್ತಿದ್ದರು. ಅಡುಗೆಮನೆಯಲ್ಲಿ ಹಿರಿಯ ಸೊಸೆ ಮಂಗಳಗೌರಿಯ ಕೈಯಿಂದ ಒಂದು ಲೋಟ ಜಾರಿದರೂ, "ಮೆಲ್ಲಗ್ ಕಣವ್ವಾ ಗೌರಿ, ಪಾಠ ನಡೀತಾ ಅದೆ" ಎನ್ನುತ್ತಿದ್ದರು.

ಆ ಮಾತು ಕೇಳಿದಾಗಲೆಲ್ಲ ಮಂಗಳಗೌರಿಗೆ ಮೈಯೆಲ್ಲ ಉರಿಯುತ್ತಿತ್ತು. ಅವಳೇನು ಸುಮ್ಮನೆ ಕೂತವಳಲ್ಲ. ಹಿಂದಿನ ಕೋಣೆಯಲ್ಲಿ ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಳು. ಹುಲ್ಲಹಳ್ಳಿ, ಹೆಮ್ಮರಗಾಲದ ಕಡೆಯಿಂದಲೂ ಹೆಂಗಸರು ವಿಡಿಯೋ ಕಾಲ್ ಮಾಡಿ ದಾರದ ಬಣ್ಣ ಆರಿಸುತ್ತಿದ್ದರು. ಆದರೆ ಆ ಕೋಣೆಗೆ ವೈಫೈ ಸರಿಯಾಗಿ ಬರುತ್ತಿರಲಿಲ್ಲ. ಶಾಲಿನಿಯ ಗಂಡ, ಮೈದುನ ಪುಟ್ಟರಾಜುವಿಗೆ ಹೇಳಿದರೆ, "ಶಾಲಿನೀನ ಕೇಳಿ ಅತ್ತಿಗೆ, ಅದೆಲ್ಲ ಅವ್ಳಿಗೇ ಗೊತ್ತು" ಎಂದುಬಿಟ್ಟ. ಅವಳನ್ನು ಕೇಳುವುದಕ್ಕಿಂತ ವ್ಯಾಪಾರ ಬಿಡುವುದೇ ಮೇಲು ಅನ್ನಿಸಿತು ಮಂಗಳಗೌರಿಗೆ.

ನಂಜನಗೂಡಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಅವಳ ಅಣ್ಣ ರಂಗಸ್ವಾಮಿ ಒಂದು ಮಧ್ಯಾಹ್ನ ತಂಗಿಯನ್ನು ನೋಡಲು ಬಂದವನು, ಅಂಗಡಿಯಲ್ಲಿ ಬಿದ್ದಿದ್ದ ಹಳೇ ರೂಟರ್ ಒಂದನ್ನು ಜೊತೆಗೆ ತಂದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಡುಮನೆಯ ಟಿ.ವಿ. ಹಿಂದೆ ವೈರುಗಳ ಗೋಜಲಿನಲ್ಲಿದ್ದ ರೂಟರಿನಿಂದ ಒಂದು ವೈರ್ ಎಳೆದು, ಇದನ್ನು ಹಿಂದಿನ ಕೋಣೆಯ ಬೀರುವಿನಲ್ಲಿ ಸೀರೆಗಳ ಸಂದಿಗೆ ಇಟ್ಟ. ಮೊದಲು ನೆಟ್ ಬರಲಿಲ್ಲ. ಅವಳ ಫೋನಿನ ಸೆಟ್ಟಿಂಗಿನಲ್ಲಿ ಏನೇನೋ ನಂಬರ್ ತಾನೇ ತುಂಬಿದ. ಬಂತು. "ಇನ್ನು ಯಾರ್ನೂ ಕೇಳ್ಬೇಕಾಗಿಲ್ಲ ಬುಡವ್ವಾ" ಎಂದು ಬಸ್ ಹತ್ತಿದ.

ಮಾರನೇ ದಿನದಿಂದ ಶಾಲಿನಿಗೆ ಗ್ರಹಚಾರ ಶುರುವಾಯಿತು. ಲ್ಯಾಪ್‌ಟಾಪಿನಲ್ಲಿ ವೈಫೈ ಗುರುತು ಇರುತ್ತಿತ್ತು, ನೆಟ್ ಇರುತ್ತಿರಲಿಲ್ಲ. ಆಫ್ ಮಾಡಿ ಆನ್ ಮಾಡಿದರೆ ಒಮ್ಮೆ ಬರುವುದು, ಒಮ್ಮೆ ಇಲ್ಲ. ಪಾಠದ ನಡುವೆ ಮಕ್ಕಳು ಮಾಯ. ಮಂಗಳಗೌರಿಯ ಫೋನ್ ಮಾತ್ರ ನೀರು ಹರಿದಂತೆ ಓಡುತ್ತಿತ್ತು. ಯಾಕೆಂದು ಅವಳಿಗೂ ತಿಳಿಯದು. ತಿಳಿಯದಿದ್ದರೂ ಖುಷಿಯಾಯಿತು.

ಕಾರಣ ತಿಳಿದದ್ದು ಅಡುಗೆಮನೆಯಲ್ಲಿ ನಿಂತಾಗ. ಇಂಟರ್‌ನೆಟ್ ಕನೆಕ್ಷನ್ ಕೊಟ್ಟಿದ್ದ ದೀಪಕ್‌ಗೆ ಶಾಲಿನಿ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದ್ದಳು.

"ಮೇಡಂ, ಮನೇಲಿರೋ ಪ್ರತಿ ಫೋನ್‌ಗೂ ಲ್ಯಾಪ್‌ಟಾಪ್‌ಗೂ ರೂಟರ್ ಒಂದೊಂದು ನಂಬರ್ ಕೊಡುತ್ತೆ, ಮನೆ ಅಡ್ರೆಸ್ ಇದ್ದಂಗೆ. ನೀವೀಗ ಲ್ಯಾಪ್‌ಟಾಪ್ ನೋಡಿ ಓದಿದ ನಂಬರ್ ನಮ್ ರೂಟರ್ ಕೊಡೋದೇ ಅಲ್ಲ. ತಪ್ಪು ಅಡ್ರೆಸ್ಸು. ಇನ್ನೊಂದು ರೂಟರ್ ಏನಾದ್ರೂ ಹಾಕಿದೀರಾ? ಅದೂ ನಂಬರ್ ಹಂಚೋಕೆ ಶುರು ಮಾಡಿದ್ರೆ ಹಿಂಗಾಗುತ್ತೆ."

"ಇಲ್ವಲ್ಲ" ಎಂದಳು ಶಾಲಿನಿ. ಆಮೇಲೆ ಅಡುಗೆಮನೆಯತ್ತ ತಿರುಗಿ, "ಅಕ್ಕಾ, ನಿಮ್ಗೇನಾದ್ರೂ ಗೊತ್ತಾ?"

"ನಂಗೇನ್ ಗೊತ್ತಾಯ್ತದೆ? ನಾನೇನ್ ಓದ್ದೋಳಾ?" ಎಂದು ಮಂಗಳಗೌರಿ ಒಗ್ಗರಣೆಗೆ ಸಾಸಿವೆ ಹಾಕಿದಳು.

ಮಾರನೆಯ ದಿನ ದೀಪಕ್ ಬರುವ ಹೊತ್ತಿಗೆ ಅವಳು ಟಿ.ವಿ. ಹಿಂದೆ ಕೈ ಹಾಕಿ ಆ ವೈರ್ ಕಿತ್ತಿದ್ದಳು. ಅವನು ಲ್ಯಾಪ್‌ಟಾಪ್ ನೋಡಿದ, ಫೋನ್‌ಗಳನ್ನು ನೋಡಿದ. ಎಲ್ಲ ನಂಬರೂ ಸರಿಯಾಗಿದ್ದವು. "ಈಗೇನೂ ತೊಂದ್ರೆ ಇಲ್ವಲ್ಲ ಮೇಡಂ" ಎಂದು ಕಾಫಿ ಕುಡಿದು ಹೋದ. ಅವನ ಬೈಕಿನ ಸದ್ದು ದೂರವಾದ ಮೇಲೆ ಮಂಗಳಗೌರಿ ವೈರನ್ನು ಮತ್ತೆ ಸಿಕ್ಕಿಸಿದಳು.

ಆ ವಾರವೇ ಕೋಚಿಂಗ್ ಕಂಪನಿಯವರು ಶಾಲಿನಿಯ ಕ್ಲಾಸನ್ನು ಬೇರೆಯವರಿಗೆ ಕೊಟ್ಟರು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅವಳು ಅತ್ತಳು. ಈ ಗಳಿಗೆಗಾಗಿಯೇ ಕಾದಿದ್ದ ಹಾಗಿದ್ದಳು ಮಂಗಳಗೌರಿ. ಆದರೆ ಬಂದಾಗ ಅದರ ರುಚಿಯೇ ಬೇರೆಯಾಗಿತ್ತು. ಸುಬ್ಬಲಕ್ಷ್ಮಮ್ಮ ಎಣ್ಣೆ ಬಟ್ಟಲು ಹಿಡಿದು ಬಂದು, ಕಿರಿಯ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಓಗ್ಲಿ ಬುಡು ಮಗಾ, ನಿನ್ ವಿದ್ಯೆ ಎಲ್ಲೋದದು" ಎಂದು ನೆತ್ತಿಗೆ ಎಣ್ಣೆ ತಟ್ಟಿದರು. ಮದುವೆಯಾಗಿ ಬಂದಂದಿನಿಂದ ಅತ್ತೆ ಒಮ್ಮೆಯೂ ತನ್ನ ತಲೆ ಮುಟ್ಟಿಲ್ಲ. ಗೆದ್ದರೂ ಮುದ್ದು ಅವಳಿಗೇ, ಸೋತರೂ ಅವಳಿಗೇ! ಮಂಗಳಗೌರಿ ಕಿಟಕಿಯ ಹಿಂದೆ ನಿಂತು ತುಟಿ ಕಚ್ಚಿಕೊಂಡಳು.

ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಂತು. ಶಾಲಿನಿ ಹಿಂದಿನ ಕೋಣೆಗೆ ಬಂದು ಚಾಪೆಯ ಮೇಲೆ ಕೂತಳು.

"ಅಕ್ಕ, ನಂಗೂ ಕುಚ್ಚು ಹಾಕೋದು ಹೇಳ್ಕೊಡಿ. ಸುಮ್ನೆ ಕೂತ್ರೆ ತಲೆ ಕೆಟ್ಟೋಗುತ್ತೆ."

ಇಲ್ಲವೆನ್ನಲು ಬಾಯಿ ಬರಲಿಲ್ಲ. ಶಾಲಿನಿಯ ಬೆರಳು ಚುರುಕು. ಸಂಜೆಯೊಳಗೆ ಒಂದೇ ಅಳತೆಯ ಕುಚ್ಚುಗಳು ಸೆರಗಿನಂಚಿನಲ್ಲಿ ಸಾಲಾಗಿ ತೂಗಿದವು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಅಯ್ಯೋ ನಮ್ಮವ್ವಾ, ಎಷ್ಟ್ ಬ್ಯಾಗ ಕಲ್ತ್ಕಂಡ್ಳು! ಗೌರಿ, ಇನ್ಮ್ಯಾಕೆ ಒಳ್ಳೊಳ್ಳೆ ಸೀರೆ ಇವಳ ಕೈಗೇ ಕೊಡು."

ಅವರು ಅತ್ತ ಹೋಗುತ್ತಲೇ ಮಂಗಳಗೌರಿ ಎದ್ದು ಬೀರು ತೆಗೆದಳು. ಸೀರೆಗಳನ್ನು ಸರಿಸಿದಳು. ಒಳಗೆ ಹಸಿರು ದೀಪ ಮಿಣುಕುತ್ತಿತ್ತು.

"ತಗೊ. ನಿನ್ ಪಾಠ ಕೆಡಿಸಿದ್ದು ಇದೇ. ನಿನ್ ಕ್ಲಾಸು ನೀನು ಮಾಡ್ಕೊ. ಕುಚ್ಚೊಂದು ನಂಗಿರ್ಲಿ."

ಶಾಲಿನಿ ರೂಟರನ್ನು ಎತ್ತಿ ನೋಡಿದಳು.

"ದೀಪಕ್ ಬಂದಾಗ?"

"ವೈರ್ ಕಿತ್ತಿದ್ದೆ."

"ಆಮೇಲೆ ಮತ್ತೆ ಹಾಕಿದ್ರಾ?"

"ಊಂ" ಎಂದಳು ಮಂಗಳಗೌರಿ. ಶಾಲಿನಿ ಕೂಗಾಡಲಿಲ್ಲ. ಲ್ಯಾಪ್‌ಟಾಪ್ ತಂದು, ಹಳೇ ರೂಟರಿನ ಸೆಟ್ಟಿಂಗ್ ತೆರೆದು, ಅದು ತಾನಾಗಿ ನಂಬರ್ ಹಂಚುವುದನ್ನು ನಿಲ್ಲಿಸಿದಳು. "ಇನ್ಮೇಲೆ ನಂಬರ್ ಕೊಡೋದು ನಡುಮನೇದು ಒಂದೇ. ಇದು ಇಲ್ಲೇ ಇರ್ಲಿ, ನಿಮ್ಗೂ ಸಿಗ್ನಲ್ ಬರುತ್ತೆ" ಎಂದು ಹೊರಟುಹೋದಳು. ಅಕ್ಕ ಎನ್ನಲಿಲ್ಲ.

ದಿನಗಳು ಉರುಳಿದವು. ಕಂಪನಿಯವರು ಶಾಲಿನಿಗೆ ಬೆಳಗಿನ ಒಂದು ಕ್ಲಾಸ್ ಕೊಟ್ಟರು. ಅದು ಎಲ್ಲೂ ನಿಲ್ಲದೆ ನಡೆಯಿತು. ಮಂಗಳಗೌರಿ ಮಾತ್ರ, ಶಾಲಿನಿ ಇಂದು ಅತ್ತೆಗೆ ಹೇಳುತ್ತಾಳೆ, ನಾಳೆ ಗಂಡನಿಗೆ ಹೇಳುತ್ತಾಳೆ ಎಂದು ಕಾದೂ ಕಾದೂ ಸೋತಳು. ಕೊನೆಗೆ ಹಿತ್ತಲಲ್ಲಿ ಸೊಪ್ಪು ಬಿಡಿಸುವಾಗ ತಾನೇ ಕೇಳಿದಳು.

"ಅತ್ತೆಗ್ ಯಾಕ್ ಏಳ್ನಿಲ್ಲ ನೀನು?"

"ಹೇಳಿದ್ರೆ ಅತ್ತೆ ನಿಮ್ಮನ್ನ ಬೈದು ನನ್ನ ಇನ್ನೂ ಮುದ್ದು ಮಾಡ್ತಾರೆ" ಎಂದಳು ಶಾಲಿನಿ, ಸೊಪ್ಪಿನಿಂದ ಕಣ್ಣೆತ್ತದೆ. "ಆವಾಗ ನೀವು ಇನ್ನೇನ್ ಮಾಡ್ತೀರೋ ಅಂತ ಭಯ ಆಯ್ತು."

ಮಂಗಳಗೌರಿಗೆ ನಾಚಿಕೆಯಾಯಿತು, ಅದರ ಜೊತೆಗೇ ನಗುವೂ ಬಂತು. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ಶಾಲಿನಿ ನಗಲಿಲ್ಲ, ಆದರೆ ಬಿಡಿಸದೆ ಉಳಿದಿದ್ದ ಸೊಪ್ಪಿನ ಕಟ್ಟನ್ನು ಇಬ್ಬರ ನಡುವೆ ಸರಿಸಿದಳು.