ಶಾಂತರಾಜಯ್ಯನವರ ಶೀಶೆ

ಚನ್ನರಾಯಪಟ್ಟಣದ ಸಮಸ್ತ ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ, ಪೇಟೆ ಬೀದಿಯ ತಾಮ್ರದ ಪಾತ್ರೆ ವರ್ತಕರಾದ ಶ್ರೀಮಾನ್ ಶಾಂತರಾಜಯ್ಯನವರು, ಧರ್ಮಪತ್ನಿ ಅನಂತಮ್ಮನವರ ಎಡೆಬಿಡದ ಪ್ರಾರ್ಥನೆಗೆ ಮಣಿದು, ಬರುವ ಸೋಮವಾರ ಬೆಳಗ್ಗೆ ತಮ್ಮ ಮೂತ್ರವನ್ನು ಒಂದು ಶೀಶೆಯಷ್ಟು ಡಾಕ್ಟರ ಷಾಪಿಗೆ ದಯಪಾಲಿಸಲು ಒಪ್ಪಿರುತ್ತಾರೆ.

ಒಪ್ಪಿಗೆಗೆ ಕಾರಣ ಒಂದು ಕೊಳಗ. ಅಂಗಡಿಯ ಅಟ್ಟದಿಂದ ಅದು ಅವರ ಹೆಬ್ಬೆರಳ ಮೇಲೆ ಅವತರಿಸಿ ತಿಂಗಳಾದರೂ ಗಾಯ ಮಾದಿರಲಿಲ್ಲ. ಸಕ್ಕರೆ ಕಾಯಿಲೆ ಇರಬಹುದೆಂದು ಡಾಕ್ಟರು ಅನುಮಾನಿಸಿದ್ದರು. ಅನಂತಮ್ಮ ಸಮಯ ನೋಡಿ ಗಂಡನಿಂದ ಒಂದು ಮಾತನ್ನೂ ಪಡೆದಿದ್ದರು.

"ಕಾಯ್ಲೆ ಇದ್ರೆ ದಿನಾ ಸೂಜಿ ಚುಚ್ಬೇಕಂತೆ. ರಾಜೀಮತೀನ ನರ್ಸ್ ಪರೀಕ್ಷೆಗೆ ಕಳ್ಸಿ. ಮನೇಲೇ ಒಬ್ಳು ಇದ್ದಂಗಾಯ್ತದೆ."

"ಇದ್ರೆ ಕಳ್ಸಾಣ ಬಿಡು," ಎಂದಿದ್ದರು ಶಾಂತರಾಜಯ್ಯ. ಹೆದರಿದವರ ಧಾರಾಳವೇ ಧಾರಾಳ.

ರಾಜೀಮತಿ ಅವರ ತೀರಿಕೊಂಡ ತಮ್ಮನ ಮಗಳು. ಎಸ್ಸೆಸ್ಸೆಲ್ಸಿ ಮುಗಿಸಿ, ಸಂಜೆ ಹೊತ್ತು ಅದೇ ಡಾಕ್ಟರ ನರ್ಸ್ ಗುರುಸಿದ್ದಮ್ಮನ ಬಳಿ ಪರೀಕ್ಷೆಯ ಕೆಮಿಸ್ಟ್ರಿ ಹೇಳಿಸಿಕೊಳ್ಳುತ್ತಿದ್ದಳು. ಆಮ್ಲ, ಕ್ಷಾರ, ಲಿಟ್ಮಸ್ ಎಲ್ಲ ಬಾಯಿಗೆ ಬಂದಿತ್ತು. ಸಂಯುಕ್ತದಲ್ಲಿ ಕೂಡಿದವು ತಮ್ಮ ಹಳೆಯ ಗುಣ ಬಿಟ್ಟು ಒಂದಾಗುತ್ತವೆ, ಮಿಶ್ರಣದಲ್ಲಿ ಬಿಡುವುದಿಲ್ಲ ಎಂದು ಕಲಿತ ದಿನ, ತಮ್ಮದು ಅವಿಭಕ್ತ ಕುಟುಂಬವಲ್ಲ, ಬರೀ ಮಿಶ್ರಣ, ಬಟ್ಟೆಯಲ್ಲಿ ಸೋಸಿದರೆ ದೊಡ್ಡಪ್ಪ ಮೇಲುಳಿಯುತ್ತಾರೆ ಎಂದು ಖಚಿತ ಮಾಡಿಕೊಂಡಿದ್ದಳು.

ಸೋಸುವುದಕ್ಕೆ ಕಾರಣವಿತ್ತು. ಹೋದ ವರ್ಷ, ಅಂದರೆ ಅರವತ್ಮೂರರಲ್ಲಿ, ಸರಕು ತರಲು ಹಾಸನಕ್ಕೆ ಹೋಗಿದ್ದ ದೊಡ್ಡಪ್ಪ, ಅಲ್ಲೇ ನಡೆಯಲಿದ್ದ ನರ್ಸ್ ಪರೀಕ್ಷೆಯ ಹಿಂದಿನ ಸಂಜೆ ಬಸ್ಸಿಳಿದು ಬಂದು, "ನಿನ್ ಪರೀಕ್ಷೆ ಮುಂದಕ್ಕೋಯ್ತು ಕಣಮ್ಮ. ಅಲ್ಲಿ ಕಾಲರಾ ಅಂತೆ," ಎಂದಿದ್ದರು. ಅವಳು ನಂಬಿದಳು. ಕಾಲರಾ ಬಂದಿದ್ದು ದೊಡ್ಡಪ್ಪನ ನಾಲಗೆಗೆ ಮಾತ್ರ ಎಂದು ತಿಳಿಯುವ ಹೊತ್ತಿಗೆ ಅರಕಲಗೂಡು, ಹೊಳೆನರಸೀಪುರದ ಹುಡುಗಿಯರು ಪಾಸಾಗಿ ಬಿಳಿ ಸೀರೆ ಉಟ್ಟಾಗಿತ್ತು. ಅಂಗಡಿಗೇ ಹೋಗಿ ಕೇಳಿದಳು. ದೊಡ್ಡಪ್ಪ ಗಿರಾಕಿಗಳಿಗೂ ಕೇಳುವಂತೆ ಉತ್ತರಿಸಿದರು.

"ರೋಗಿಷ್ಟರ ಪಾತ್ರೆ ತೊಳೆಯಕ್ಕೆ ಹಾಸನಕ್ಕ್ಯಾಕೆ ಓಗ್ಬೇಕು? ಇಲ್ಲೇ ಇಷ್ಟು ಬಿದ್ದಾವಲ್ಲ, ತೊಳಿ."

ಗಿರಾಕಿಗಳು ನಕ್ಕರು. ಕೊರವಂಗಲದ ತಿಮ್ಮಪ್ಪನಂತೂ ನಗುತ್ತ ನಗುತ್ತಲೇ ಬೇಡದ ಚೊಂಬೊಂದನ್ನು ಕೊಂಡ. ಆ ನಗು ರಾಜೀಮತಿಯ ಹೊಟ್ಟೆಯಲ್ಲಿ ವರ್ಷವಿಡೀ ಕಿಲುಬುಗಟ್ಟಿತ್ತು.

ಈಗ ಶೀಶೆ ಒಯ್ಯುವ ಕೆಲಸ ಅವಳ ಕೈಗೆ ಬಂದಿತ್ತು. ತಾಮ್ರದಿಂದಾದ ಮೈಲುತುತ್ತದ ನೀಲಿ ದ್ರಾವಣಕ್ಕೆ ಗ್ಲೂಕೋಸ್ ಹಾಕಿ ಕುದಿಸಿದರೆ ಇಟ್ಟಿಗೆ ಕೆಂಪಾಗುವುದನ್ನು ಗುರುಸಿದ್ದಮ್ಮ ತೋರಿಸಿದ್ದಳು; ರೋಗಿಯ ಮೂತ್ರದ ಸಕ್ಕರೆ ಪತ್ತೆಯಾಗುವುದೂ ಹೀಗೆಯೇ. ಸಿಹಿಯ ಮುಂದೆ ತಾಮ್ರ ಸೋಲುತ್ತದೆ ಎಂದು ರಾಜೀಮತಿ ತಿಳಿದಳು. ದೊಡ್ಡಪ್ಪನಿಗೆ ಚಿರೋಟಿ ಬಂದ್, ಹೋಳಿಗೆ ಬಂದ್. ಬೆಳಗ್ಗೆ ಹಾಗಲಕಾಯಿ ರಸ, ಆಮೇಲೆ ಸೂಜಿ. ಚುಚ್ಚುವವಳು ಅವಳೇ. ಮೊಂಡು ಸೂಜಿಯೊಂದನ್ನು ಈಗಲೇ ಎತ್ತಿಡಬೇಕು ಎಂದುಕೊಂಡಾಗ ಅವಳ ಮುಖದಲ್ಲಿ ಮೂಡಿದ ಶಾಂತಿಯನ್ನು ನೋಡಿ ಅನಂತಮ್ಮ, ಹುಡುಗಿಗೆ ವೈರಾಗ್ಯ ಬಂದಿದೆಯೆಂದು ಗಾಬರಿಯಾದರು.

ಸೋಮವಾರ ಬಂತು. ಶೀಶೆಗೆ ಬೆರೆಸೋಣವೆಂದರೆ ಗ್ಲೂಕೋಸು ಗುರುಸಿದ್ದಮ್ಮನ ಬೀರುವಿನಲ್ಲಿ ಬೀಗದೊಳಗಿತ್ತು. ಜೇನು ಜೈನರ ಮನೆಯ ಹೊಸ್ತಿಲು ದಾಟುವುದಿಲ್ಲ. ಬೆಲ್ಲ ಬೆರೆಸಿದರೆ ಕಬ್ಬಿನ ಕಸ ತೇಲಿ ಗುಟ್ಟು ರಟ್ಟು. ಉಳಿದದ್ದು, ದೊಡ್ಡಪ್ಪನ ಚಿರೋಟಿಗೆಂದೇ ಮುಚ್ಚಿಟ್ಟಿದ್ದ ರೇಷನ್ ಸಕ್ಕರೆ. ಅವರು ರುಮಾಲು ಸುತ್ತುತ್ತಿರುವಾಗ ಹಿತ್ತಲಲ್ಲಿ ಎರಡು ಚಮಚ ಸುರಿದು ಚೆನ್ನಾಗಿ ಕಲಕಿದಳು. ಒಂದು ಚಮಚ ಪರೀಕ್ಷೆಗೆ, ಇನ್ನೊಂದು ಆ ನಗುವಿಗೆ.

ಬೀದಿಯಲ್ಲಿ ಶಾಂತರಾಜಯ್ಯ ಕುಂಟುತ್ತ ಮುಂದೆ ಮುಂದೆ ನಡೆದರು, ಹಿಂದಿನ ಹುಡುಗಿಯೂ ಅವಳ ಸೆರಗಿನೊಳಗಿನ ಶೀಶೆಯೂ ಪರವೂರಿನವೆಂಬಂತೆ.

ಷಾಪಿನಲ್ಲಿ ಗುರುಸಿದ್ದಮ್ಮ ನೀಲಿ ದ್ರಾವಣಕ್ಕೆ ಹನಿ ಬಿಟ್ಟು ದೀಪದ ಮೇಲೆ ಹಿಡಿದಳು. ಕುದಿಯಿತು. ರಾಜೀಮತಿ ಗಾಜಿನ ಕೊಳವೆಯ ಹತ್ತಿರಕ್ಕೆ ಬಗ್ಗಿದಳು. ಹಸಿರಾಗಲಿಲ್ಲ, ಹಳದಿಯಾಗಲಿಲ್ಲ. ನೀಲಿ ಹಾಗೇ ಉಳಿಯಿತು. ತಾಮ್ರ ತನ್ನ ವರ್ತಕನ ಪರವಾಗಿ ಸಾಕ್ಷಿ ಹೇಳಿಬಿಟ್ಟಿತು.

"ಸಕ್ಕರೆ ಕಾಯಿಲೆ ಇಲ್ಲ ಯಜಮಾನ್ರೇ," ಎಂದರು ಡಾಕ್ಟರು. "ಗಾಯಕ್ಕೆ ನೀರು ತಾಗಿಸಬೇಡಿ, ಅಷ್ಟೇ."

"ಸಿಹಿ ತಿನ್ಬೌದಾ ಸಾ?"

"ತಿನ್ನಿ."

ಶಾಂತರಾಜಯ್ಯ ಕುಂಟುವುದನ್ನು ಮರೆತು ಹೊರಟರು. ಗುರುಸಿದ್ದಮ್ಮ ಮಾತ್ರ ಶೀಶೆಯ ಬಾಯಿಗೆ ಮುತ್ತಿದ ಇರುವೆಗಳನ್ನು ನೋಡಿ, ನೀಲಿ ಕೊಳವೆಯನ್ನು ನೋಡಿ, ಕೊನೆಗೆ ರಾಜೀಮತಿಯನ್ನು ನೋಡಿದಳು.

"ಎಷ್ಟು ಚಮಚ ಆಕ್ದೆ?"

"ಎರಡು."

"ಅಂಗಡಿ ಸಕ್ರೆ?"

"ಊಂ."

"ಗ್ಲೂಕೋಸ್‌ಗೆ ಒಂದು ಕೈ ಬಿಡುವಾಗಿರ್ತದೆ ಕಣವ್ವ, ಅದ್ರಲ್ಲಿ ತಾಮ್ರನ ಇಡಿದು ಎಳೀತದೆ. ನಿನ್ ಸಕ್ರೇಲಿ ಗ್ಲೂಕೋಸು, ಫ್ರಕ್ಟೋಸು ಎರಡೂ ಇದ್ರೂ ಒಂದ್ರ ಕೈ ಒಂದು ಇಡ್ಕೊಂಡು ಕುಂತವೆ. ತಾಮ್ರದ ತಂಟೆಗೇ ಓಗಕ್ಕಿಲ್ಲ. ಮೂಟೆ ಸುರಿದ್ರೂ ನೀಲೀನೇ."

"ಬೆಲ್ಲ ಹಾಕಿದ್ರೆ?"

"ಅದ್ರಲ್ಲಿ ಕೈ ಬಿಟ್ಟವು ಒಂದಷ್ಟು ಇರ್ತವೆ. ಕೆಂಪಗಾಗ್ತಿತ್ತು." ಗುರುಸಿದ್ದಮ್ಮ ಶೀಶೆಯನ್ನು ಮೋರಿಗೆ ಬಗ್ಗಿಸಿದಳು. "ಇನ್ನೊಂದ್ಸಲ ರೋಗಿ ಶೀಶೆಗೆ ಕೈ ಆಕುದ್ರೆ ನನ್ ಬಾಗ್ಲಿಗೆ ಬರಬ್ಯಾಡ. ಪರೀಕ್ಷೆಗಾದ್ರೂ ಇದನ್ನ ನೆಪ್ಪಿಟ್ಕೊ."

ಆ ಸಂಜೆ ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಚಿರೋಟಿಯ ಗೋಪುರವೇ ಎದ್ದಿತ್ತು. ಬಡಿಸುತ್ತ ಅನಂತಮ್ಮ ಮೆಲ್ಲಗೆ ಹಾಸನದ ಮಾತು ತೆಗೆದರು.

"ನಾನೇನಂದಿದ್ದೆ? ಕಾಯ್ಲೆ *ಇದ್ರೆ* ಕಳ್ಸಾಣ ಅಂದಿದ್ದೆ," ಎಂದರು ಶಾಂತರಾಜಯ್ಯ, ಚಿರೋಟಿಯ ಪದರ ಮುರಿಯುತ್ತ. "ಇಲ್ವಲ್ಲ. ರಾಜೀ, ಡಬ್ಬದಾಗೆ ಸಕ್ರೆ ಕಮ್ಮಿ ಆದಂಗದೆ. ಯಾರು ತಿಂದ್ರು?"

"ಯಾರೂ ತಿಂದಿಲ್ಲ ದೊಡ್ಡಪ್ಪ. ನಿಮಗೇ ಹಾಕಿದ್ದು."

"ಇನ್ನೊಂಚೂರು ಉದುರ್ಸು ಮತ್ತೆ."

ರಾಜೀಮತಿ ಉದುರಿಸಿದಳು.