ಸೋಮಾರಿ ಅಲ್ಲ, ಸುಸ್ತು

ಇಸ್ತ್ರಿ ಅಂಗಡಿಯ ಅಕ್ಕನಿಗೆ ಮಗಳನ್ನು ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ಹದಿನೈದರ ಹುಡುಗಿ. ಎಬ್ಬಿಸಿದರೆ ಏಳುವುದಿಲ್ಲ, ಕೂತರೆ ಗೋಡೆಗೆ ಒರಗುತ್ತಾಳೆ, ಮಾತಾಡಿಸಿದರೆ ಮುಖ ಗಂಟು. ಆ ದಿನ ಶಾಲೆಯಿಂದ ಬಂದವಳು ಮಡಿಸಿಟ್ಟ ಬಟ್ಟೆಯ ಮೇಲೇ ತಲೆ ಸುತ್ತಿ ಬಿದ್ದಳು. ಕಾದ ಇಸ್ತ್ರಿಪೆಟ್ಟಿಗೆ ಗೇಣು ದೂರದಲ್ಲಿತ್ತು.

ಅಕ್ಕನ ಕೂಗು ಕೇಳಿ ಓಡಿಬಂದ ಪಕ್ಕದ ಮನೆಯ ನರ್ಸಮ್ಮ ಹುಡುಗಿಯ ಕಣ್ಣಿನ ಕೆಳರೆಪ್ಪೆ ಇಳಿಸಿ ನೋಡಿದಳು.

"ಬಿಳಿಚಿಕೊಂಡಿದೆ ಕಣೇ. ರಕ್ತ ಕಮ್ಮಿ ಇರ್ಬೇಕು. ಪರೀಕ್ಷೆ ಮಾಡಿಸು."

"ಅಯ್ಯೋ, ಸೋಮಾರಿತನಕ್ಕೂ ಪರೀಕ್ಷೆನಾ? ನಾವೆಲ್ಲ ಹೀಗೇ ಬೆಳೀಲಿಲ್ವಾ?"

"ಬೆಳೆದ್ವಿ. ಅದಕ್ಕೇ ಮೂವತ್ತಾರಕ್ಕೇ ಸೊಂಟ ಹಿಡ್ಕೊಂಡು ಏಳ್ತೀಯ! ಶಾಲೆಯಿಂದ ಚೀಟಿ ಬಂದಿತ್ತಲ್ಲ, ಏನು ಮಾಡ್ದೆ?"

"ಫೀಸು ಕೇಳಿರ್ತಾರೆ ಅಂತ ಮೂಲೆಗೆ ಹಾಕ್ದೆ. ನನಗೇನು ಓದೋಕೆ ಬರುತ್ತಾ?"

"ಅದು ನಮ್ಮ ಆಸ್ಪತ್ರೆಯಿಂದ್ಲೇ ಶಾಲೆಗೆ ಕಳಿಸಿದ ಪುಕ್ಕಟೆ ತಪಾಸಣೆ ಚೀಟಿ! ಓದೋಕೆ ಬರದಿದ್ರೆ ತಪ್ಪಲ್ಲ. ಗೋಡೆ ಆಚೆ ನಾನಿದ್ದೀನಿ, ಕೇಳೋಕೆ ನಿನಗೇನು ಧಾಡಿ?"

ಅಷ್ಟರಲ್ಲಿ ಎಚ್ಚರಗೊಂಡು ಎದ್ದು ಕೂತಿದ್ದ ಮಗಳ ಕಡೆ ಅಕ್ಕ ತಿರುಗಿದಳು. "ನೀನಾದ್ರೂ ಓದಿ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಇನ್ನೊಂದು ಖರ್ಚು ಅಂತೀಯ." ಹುಡುಗಿ ಬಿಕ್ಕಿದಳು. "ನನ್ನ ಶಾಲೆ ಬಿಡಿಸೋಣ ಅಂತ ನೀನೂ ಅಪ್ಪನೂ ಮಾತಾಡಿದ್ದು ಕೇಳಿಸ್ಕೊಂಡೆ. ಖರ್ಚು ಕಮ್ಮಿ ಆದ್ರೆ ಬಿಡಿಸಲ್ವೇನೋ ಅಂತ ನನ್ನ ಬೆಳಗಿನ ತಿಂಡಿ ತಮ್ಮನಿಗೆ ಕೊಡ್ತಿದ್ದೆ. ನಿದ್ದೆನೂ ಬರಲ್ಲಮ್ಮ."

ಅಕ್ಕ ಮಗಳನ್ನು ಎಳೆದು ಅಪ್ಪಿಕೊಂಡಳು. ನರ್ಸಮ್ಮನ ಸಿಟ್ಟು ಮಾತ್ರ ಇಳಿದಿರಲಿಲ್ಲ. "ಕೇಳಿದ್ಯಾ? ಮನೇಲಿ ಕೈ ಬಿಗಿಯಾದ್ರೆ ಈ ವಯಸ್ಸಿನವರ ಮೈಯೂ ಸೊರಗುತ್ತೆ, ಮನಸ್ಸೂ ಸೊರಗುತ್ತೆ. ನೀನು ಅದಕ್ಕೆ ಸೋಮಾರಿತನ ಅಂತ ಹೆಸರಿಟ್ಟೆ."

ಮರುದಿನ ಅಕ್ಕ ಅಂಗಡಿಗೆ ಬಾಗಿಲು ಹಾಕಿ, ಗೊಣಗುತ್ತಿದ್ದ ಗಂಡನನ್ನೂ ಎಳೆದುಕೊಂಡು ಆಸ್ಪತ್ರೆಗೆ ಹೋದಳು. ರಕ್ತ ಕಮ್ಮಿ ಇದ್ದದ್ದು ನಿಜವೇ. ಮಾತ್ರೆ ಕೊಟ್ಟರು. ಆಪ್ತ ಸಲಹೆಗಾರ್ತಿಯೊಬ್ಬರು ಹುಡುಗಿಯನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದರು. ಅಷ್ಟರಲ್ಲಿ ಅಕ್ಕನಿಂದ ಎಲ್ಲ ತಿಳಿದಿದ್ದ ಅಪ್ಪ, ಹೊರಬಂದವಳ ತಲೆ ಸವರಿ, "ಶಾಲೆ ಬಿಡಿಸಲ್ಲ ಕಣಮ್ಮ, ನಿನ್ನಾಣೆ" ಎಂದ.

ಈಗ ಹುಡುಗಿ ತಿಂಡಿ ತಿಂದೇ ಶಾಲೆಗೆ ಹೋಗುತ್ತಾಳೆ. ಎದುರು ಮಾತಾಡುವುದನ್ನೂ ಕಲಿತಿದ್ದಾಳೆ. "ಒಂದು ಹೇಳಿದ್ರೆ ಹತ್ತು ಹೇಳ್ತಾಳೆ, ಸಾಕಾಯ್ತು ನನಗೆ" ಎಂದು ಅಕ್ಕ ದೂರಿದರೆ ನರ್ಸಮ್ಮ, "ಸದ್ಯ, ಮಾತಾಡೋಷ್ಟು ತ್ರಾಣ ಬಂತಲ್ಲ" ಎನ್ನುತ್ತಾಳೆ.

ನಿಮ್ಮ ಮನೆಯ ಹರೆಯದ ಮಗನೋ ಮಗಳೋ ಸದಾ ಸುಸ್ತು, ಸಿಡುಕು ಅನ್ನುವ ಹಾಗಿದ್ದಾರೆಯೇ? ಬೈಯುವ ಮೊದಲು ಪಕ್ಕದಲ್ಲಿ ಕೂತು ಕೇಳಿ: ತಿಂದೆಯಾ, ನಿದ್ದೆ ಬಂತಾ, ಏನು ಚಿಂತೆ? ಶಾಲೆಯ ಚೀಟಿ ಅರ್ಥವಾಗದಿದ್ದರೆ ಬಲ್ಲವರಿಗೆ ತೋರಿಸಿ. ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಕೇಳುವುದಕ್ಕೆ ನಾಚಿಕೆ ಬೇಡ; ಇವತ್ತೇ ಕೇಳಿ.