ಕೊಬ್ಬಿನ ಕಣಗಳಿಗೆ ಎಡೆ

ನಮ್ಮ ಯಜಮಾನರ ಹೊಟ್ಟೆಯಲ್ಲಿ ಸಾವಾಗಿದೆ ಎಂದು ಮೊದಲು ಹೇಳಿದವರು ಬಸವಕಲ್ಯಾಣದ ಡಾಕ್ಟರ್ ಇಶ್ರತ್. ತಪ್ಪು ಅವರದಲ್ಲ. ಒಳ್ಳೆಯ ಹೆಣ್ಣುಮಗಳು, ತಿಳಿಯಲಿ ಎಂದು ಚಿತ್ರ ಬರೆದು ತೋರಿಸಿದರು. ಆ ಚಿತ್ರ ನಮ್ಮವರ ಕೈಗೆ ಸಿಕ್ಕಿತು, ಅಲ್ಲೇ ಕೆಟ್ಟಿತು.

ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ಕತೆಯಲ್ಲಿ ಹೇಳಿದರೆ ನಡೆಯುತ್ತದೆ: ನಾಗನಾಥ. ಹುಮನಾಬಾದ್ ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ತೊಗರಿ ವ್ಯಾಪಾರ. ತೂಕ ನೂರಾ ಇಪ್ಪತ್ತೆರಡು ಕಿಲೋ. ನಾನು ಶಕುಂತಲಾಬಾಯಿ, ಈ ಮನುಷ್ಯನ ಜೊತೆ ಮೂವತ್ತೊಂದು ವರ್ಷ ಬಾಳ್ವೆ ಮಾಡಿದವಳು. ಇವರ ಬಲಗಾಲ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿ ಆದ ಹುಣ್ಣು ಎರಡು ತಿಂಗಳಾದರೂ ಮಾಯದೆ ಕಪ್ಪಾಗತೊಡಗಿತ್ತು. ಖಾಲಿ ಹೊಟ್ಟೆಯಲ್ಲಿ ಶುಗರ್ ಮುನ್ನೂರಾ ನಲವತ್ತು ಇತ್ತು.

"ಹದಿನೈದ್ ದಿನ ಟೈಮ್ ಕೊಡ್ತೀನ್ರಿ ನಾಗನಾಥ ಭಾಯಿ," ಎಂದರು ಡಾಕ್ಟರ್. "ಶುಗರ್ ಇಳೀಲಿಲ್ಲಂದ್ರ ಬೆರಳು ತಗೀಬೇಕಾಗ್ತದ. ಬೆರಳಿಗೇ ನಿಂತ್ರ ನಿಮ್ಮ ನಸೀಬು."

ನಾನು ಇವರ ಕಾಲ್ಬೆರಳನ್ನೇ ನೋಡಿದೆ. ಇವರು ಮಾತ್ರ, "ಅಲ್ರಿ ಡಾಕ್ಟರ್‌ಬಾಯಿ, ಹುಣ್ಣು ಕಾಲಿಗದ. ನೀವು ಹೊಟ್ಟಿ ಯಾಕ ನೋಡಾಕತ್ತೀರಿ?" ಎಂದು ತಕರಾರು ತೆಗೆದರು.

ಆಗ ಡಾಕ್ಟರ್ ಚೀಟಿಯ ಹಿಂದೆ ದೊಡ್ಡದೊಂದು ಸೊನ್ನೆ ಬರೆದು, ಅದರ ಸುತ್ತ ಹತ್ತಾರು ಸಣ್ಣ ಸೊನ್ನೆ ಹಾಕಿದರು. "ನಡುವಿಂದು ಕೊಬ್ಬಿನ ಕಣ. ತಿಂದಂಗ ತಿಂದಂಗ ಉಬ್ಬತದ. ಮಿತಿ ಮೀರಿದ್ರ ಉಸಿರು ಸಾಲಂಗಿಲ್ಲ, ಸಾಯ್ತದ. ಸತ್ತದ್ದನ್ನ ಸ್ವಚ್ಛ ಮಾಡಾಕ ಮೈಯಾಗಿನ ಕಾವಲು ಕಣ ಬಂದು ಹಿಂಗ ಸುತ್ತ ಕೂಡ್ತಾವ. ಕೂತು ಇನ್ನಷ್ಟು ಮಂದಿಗೆ ಹೇಳಿ ಕಳಸ್ತಾವ. ಬಂದವು ಹೊಳ್ಳಿ ಹೋಗಂಗಿಲ್ಲ. ಒಳಗ ಒಂದೇ ಗದ್ದಲ, ಒಂದೇ ಉರಿ. ಆ ಗದ್ದಲದಾಗ ಇನ್ಸುಲಿನ್ ಬಂದು ಬಾಗಿಲು ಬಡಿದ್ರ ಯಾರೂ ತಗ್ಯಂಗಿಲ್ಲ. ಸಕ್ಕರಿ ರಕ್ತದಾಗೇ ಉಳೀತದ, ಹುಣ್ಣು ಮಾಯಂಗಿಲ್ಲ."

"ಅವು ಎದ್ದು ಹೋಗ್ಬೇಕಂದ್ರ?"

"ಬಾಯಿ ಕಟ್ರಿ, ಹುಣ್ಣು ಮಾದ ಮ್ಯಾಲ ದಿನಾ ನಡೀರಿ. ಗುಳಗಿ ತಪ್ಪಿಸಬ್ಯಾಡ್ರಿ. ಒಳಗ ಸಾವು ಕಡಿಮಿ ಆದ್ರ ಅವೂ ಸಾವಕಾಶ ಏಳ್ತಾವ."

ಮರಳುವಾಗ ಇವರು ಯಾವಾಗಲೂ ಭಜಿ ತಿನ್ನುವ ಸಸ್ತಾಪುರ ಬಂಗ್ಲಾ ಕ್ರಾಸ್ ಬಂತು. ಕಾರು ನಿಲ್ಲಿಸು ಎಂದು ಇವರು ಡ್ರೈವರನಿಗೆ ಹೇಳಲಿಲ್ಲ. ದೇವರೇ, ಕೊನೆಗೂ ಬುದ್ಧಿ ಕೊಟ್ಟೆಯಲ್ಲ ಎಂದು ಕೈ ಮುಗಿದೆ. ಬುದ್ಧಿ ಎಲ್ಲಿಂದ ಬರಬೇಕು! ಇವರು ಚೀಟಿಯನ್ನೇ ನೋಡುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ನೋಡು, ನಮ್ಮಪ್ಪ ಲಿಂಗೈಕ್ಯ ಆದಾಗ ಹಿಂಗೇ ನಡುವ ಕೂಡಿಸಿದ್ವಿ, ಸುತ್ತ ಮಂದಿ ಕೂತಿತ್ತು. ಇವು ಕಾವಲು ಕಣ ಅಲ್ಲ, ಮಾತಾಡ್ಸಾಕ ಬಂದ ಬೀಗರು. ಮೂರು ದಿನದ ಕಾರ್ಯ ಆಗೂಮಟ ಸಾವಿನ ಮನಿ ಬಿಟ್ಟು ಯಾರ್ ಏಳ್ತಾರ? ನಾವು ಕಾರ್ಯಾನೇ ಮಾಡಿಲ್ಲ."

"ಬಾಯಿ ಕಟ್ರಿ ಅಂದ್ರಲ್ಲ, ಅದು ಕೇಳಸ್ಲಿಲ್ಲೇನು?"

"ಅದು ಆಮ್ಯಾಲ. ಮೊದಲು ಸತ್ತವರದು ನೋಡೂಣು."

ಮರುದಿನ ಮುಂಜಾನೆ ಗಂಜಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಿತ್ತು. 'ನಮ್ಮ ಉದರದಲ್ಲಿ ಬಹುಕಾಲದಿಂದ ಬೆಳೆದುಬಂದ ಅಸಂಖ್ಯಾತ ಕೊಬ್ಬಿನ ಕಣಗಳು ಲಿಂಗೈಕ್ಯವಾಗಿವೆ ಎಂದು ತಿಳಿಸಲು ವಿಷಾದಿಸುತ್ತೇನೆ.' ಯಾರಾದರೂ ನಕ್ಕು ಸುಮ್ಮನಾಗುತ್ತಾರೆ ಅಂದುಕೊಂಡೆ. ಒಂಬತ್ತು ಗಂಟೆಗೆ ಬಿಳಿ ಧೋತರ ಉಟ್ಟ ಇಪ್ಪತ್ತು ಜನ ನಮ್ಮ ಪಡಸಾಲೆಯಲ್ಲಿದ್ದರು. ಇವರನ್ನು ಗೋಡೆಗೆ ಒರಗಿಸಿ ಸುತ್ತ ಕೂತರು. ಪಕ್ಕದ ಅಂಗಡಿಯ ಧನರಾಜ ಇವರ ಹೊಟ್ಟೆಯ ಮೇಲೆ ಕೈ ಇಟ್ಟು ಕೇಳಿದ.

"ಎಷ್ಟು ಮಂದಿ ಹೋದ್ರೋ ಅಣ್ಣಾ?"

"ಲೆಕ್ಕ ಸಿಕ್ಕಿಲ್ಲಪ್ಪಾ."

"ನನ್ನ ತಮ್ಮನ ಲಗ್ನದಾಗ ಕೆಲವು ನನ್ನ ಕಣ್ಣ ಮುಂದೇ ಹುಟ್ಟಿದ್ವು. ಎಷ್ಟು ಚಂದ ಬೆಳದಿದ್ವು!"

ಎಲ್ಲರೂ ನಿಟ್ಟುಸಿರು ಬಿಟ್ಟರು. ನನಗೆ ತಲೆ ಗೋಡೆಗೆ ಜಜ್ಜಿಕೊಳ್ಳಬೇಕು ಅನ್ನಿಸಿತು.

ಮಠದ ಅಯ್ಯನವರು ಮಾತ್ರ ಬಂದವರೇ ಸಿಟ್ಟಾದರು. "ಸೂತಕ ಇಲ್ಲಂದ ಬಸವಣ್ಣನ ಕಲ್ಯಾಣ ಇಷ್ಟು ಹತ್ತಿರ ಇಟ್ಕೊಂಡು ಸೂತಕ ಆಚರಸ್ತೀರೇನ್ರಿ?"

"ಸೂತಕ ಅಲ್ರಿ ಅಯ್ಯನವರ. ಬರೇ ಎಡಿ ಇಡೂದು, ಮಂದಿಗೆ ಉಣಸೂದು."

ಅಯ್ಯನವರು ಸ್ವಲ್ಪ ಯೋಚಿಸಿದರು. "ಉಣಸೂದಾದ್ರ ನಡೀತದ," ಎಂದು ಅವರೂ ಕೂತರು.

ಸಾವಿನ ಮನೆಯಲ್ಲಿ ಒಲೆ ಹೊತ್ತಿಸಬಾರದು ಎಂದು ಇವರು ಗ್ಯಾಸಿನ ಸಿಲಿಂಡರನ್ನೇ ಹಿತ್ತಲಿಗೆ ಹಾಕಿಸಿದರು. ನಾನು ಹಾಕಿಕೊಂಡಿದ್ದ ಮೆಂತ್ಯೆ ಪಲ್ಯ, ಒಣ ಜೋಳದ ರೊಟ್ಟಿಯ ಯೋಜನೆ ಅಲ್ಲಿಗೆ ಮುಗಿಯಿತು. ನೆರೆಯವರು ಬುತ್ತಿ ತರತೊಡಗಿದರು. ಸಾವಿನ ಮನೆಗೆ ಸಿಹಿ ತರುವ ಪದ್ಧತಿಯಿಲ್ಲ, ಆದರೆ ಸತ್ತವರು ಸಿಹಿಪ್ರಿಯರು ಎಂದು ಇವರು ತಾವೇ ಹೇಳಿಕಳಿಸಿದ್ದರು. ಎದುರು ಮನೆಯ ಜೈನಬಿ ಖುಬಾನಿ ಮೀಠಾ ತಂದು, ಅಳುತ್ತ ಎರಡು ಚಮಚ ತಾನೇ ತಿನ್ನಿಸಿ ಹೋದಳು. ಬಂದವರು ಏಳಲಿಲ್ಲ. ನೆರೆಯವರು ತಂದ ಚಹಾ ಕುಡಿದರು, ಫೋನ್ ಹಚ್ಚಿದರು, ಮನ್ನಾಏಖೇಳ್ಳಿಯಿಂದ ಒಂದು ಜೀಪು ತುಂಬ ಜನ ಬಂದರು. ಇವರ ಕೈಬೆರಳಿಗೆ ಸೂಜಿ ಚುಚ್ಚಿ ಮಷೀನಿನಲ್ಲಿ ಶುಗರ್ ನೋಡಿದೆ. ನಾಲ್ಕುನೂರಾ ಹನ್ನೆರಡು. ಹಿತ್ತಲಿಗೆ ಹೋಗಿ ಸಿಲಿಂಡರಿನ ಮೇಲೆ ಕೂತು ಅತ್ತೆ.

ಮೂರನೆಯ ದಿನ ಎಡೆ. ಸತ್ತವರಿಗೆ ಯಾವುದು ಪ್ರೀತಿಯೋ ಅದನ್ನೆಲ್ಲ ಇಡಬೇಕು. ಹೋಳಿಗೆ, ತುಪ್ಪ, ಗೋಧಿ ಹುಗ್ಗಿ, ಮಿರ್ಚಿ ಭಜಿ, ಜಿಲೇಬಿ, ಬಾಲೂಶಾಹಿ ಎಲ್ಲ ಬಂದು ಬಾಳೆಲೆ ಕಾಣದಾಯಿತು. ಆಗ ಅಯ್ಯನವರಿಗೆ ಒಂದು ತೊಡಕು ಹೊಳೆಯಿತು.

"ಎಡಿ ಸಮಾಧಿ ಮುಂದ ಇಡಬೇಕು. ಈ ಸತ್ತವರ ಸಮಾಧಿ ಎಲ್ಲದ?"

ಸಭೆ ಇವರ ಹೊಟ್ಟೆಯನ್ನು ನೋಡಿತು.

"ಹಂಗಾದ್ರ ಮುಂದಿಟ್ರ ಮುಟ್ಟಂಗಿಲ್ಲ," ಎಂದ ಧನರಾಜ. "ಒಳಗ ಹೋಗಬೇಕು."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಇವರು ದೊಡ್ಡ ದುಃಖದಿಂದ ತೋಳು ಮಡಿಸಿದರು. "ಏನ್ ಮಾಡೂದು. ಹೋದವರ ಸಲುವಾಗಿ ತಿನ್ನಬೇಕಾಗ್ತದ."

ಕೈ ಹೋಳಿಗೆಗೆ ಹೋಯಿತು. ನನಗೆ ಅದೇನಾಯಿತೋ ಗೊತ್ತಿಲ್ಲ. ಜನರ ನಡುವೆ ನುಗ್ಗಿ ಇವರ ಎದುರು ಕೂತೆ. ಬಲಗಾಲು ಎಳೆದು ಮಡಿಲಲ್ಲಿಟ್ಟುಕೊಂಡು, ಪಟ್ಟಿ ಬಿಚ್ಚಿ ಬೆರಳನ್ನು ಎಲ್ಲರಿಗೂ ತೋರಿಸಿದೆ. ವಾಸನೆಗೆ ಮುಂದಿನ ಸಾಲು ಹಿಂದೆ ಸರಿಯಿತು.

"ಇದಕ್ಕೂ ಒಂದ್ ಎಡಿ ಇಡ್ರಿ," ಎಂದೆ. "ಇದೂ ಹೊಂಟದ. ಇದರ ಹಿಂದ ಕಾಲು, ಕಾಲಿನ ಹಿಂದ ನೀವು. ಅವತ್ತೂ ಈ ಮಂದಿ ಇಲ್ಲೇ ಬಂದು ಕೂಡ್ತದ. ಅವತ್ತು ನಿಮ್ಮ ಎಡಿಗಿ ಏನ್ ಇಡ್ಲಿ, ಈಗ ಹೇಳಿಬಿಡ್ರಿ. ಆಮ್ಯಾಲ ಕೇಳಾಕ ನೀವಿರಂಗಿಲ್ಲ. ಹೇಳ್ರಿ, ನಾ ಬರ್ಕೋತೀನಿ."

ಡಾಕ್ಟರ್ ಚೀಟಿ ಇವರ ಕಿಸೆಯಲ್ಲೇ ಇತ್ತು. ತೆಗೆದೆ. ಅಯ್ಯನವರು ಪಾಪ, ತಮ್ಮ ಪೆನ್ನು ಕೊಟ್ಟರು.

ಇವರು ಹೋಳಿಗೆ ನೋಡಿದರು, ಜಿಲೇಬಿ ನೋಡಿದರು. ನಿಜವಾಗಿಯೂ ಯೋಚನೆ ಮಾಡಿದರು ಮಾರಾಯರು! ಯಾವುದನ್ನು ಮೊದಲು ಹೇಳಲಿ ಎಂಬಂತೆ ತುಟಿಯೂ ಅಲುಗಿತು. ಆಮೇಲೆ ನಾನು ಚೀಟಿಯ ಮೇಲೆ ಪೆನ್ನು ಊರಿ ಕಾಯುತ್ತಿರುವುದನ್ನು ಕಂಡರು. ಹೋಳಿಗೆಯ ಕಡೆ ಚಾಚಿದ್ದ ಕೈ ಹಿಂದಕ್ಕೆ ತೆಗೆದರು.

"ಬರೀಬ್ಯಾಡ," ಎಂದರು. "ನನಗ ಅಂಜಿಕಿ ಬರಾಕತ್ತದ, ಶಕುಂತಲಾ. ಡಾಕ್ಟರ್‌ಬಾಯಿ ಹೇಳಿದಾಗಿಂದ ಅಂಜಿಕಿ ಅದ."

ನೂರಾ ಇಪ್ಪತ್ತೆರಡು ಕಿಲೋದ ಮನುಷ್ಯ ಹೆಗಲ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ಎಡಗೈಯಿಂದ ಬಾಳೆಲೆಯನ್ನು ನನ್ನ ಕಡೆ ದೂಡಿದರು. ನಾನೂ ಅತ್ತೆ. ಬೈಯಬೇಕೆಂದು ಕೂಡಿಟ್ಟುಕೊಂಡ ಮಾತೆಲ್ಲ ಎಲ್ಲಿ ಹೋಯಿತೋ.

ಬೆರಳು ಉಳಿಯಿತೇ ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ: ಉಳಿಯಿತು, ಉಗುರು ಹೋಯಿತು. ಅದೂ ಸುಮ್ಮನೆ ಆಗಲಿಲ್ಲ. ಐದು ತಿಂಗಳು ಇನ್ಸುಲಿನ್ ಸೂಜಿ, ಪಟ್ಟಿ, ಮೆಂತ್ಯೆ ಪಲ್ಯ, ದಿನಾ ಜಗಳ. ಗಾಯ ಮಾದ ಮೇಲೆ ದಿನಾ ನಡಿಗೆ. ಆದರೆ ಆ ದಿನದ್ದು ಇನ್ನೊಂದು ಹೇಳಬೇಕು. ಇವರು ಅತ್ತ ಮೇಲೆ, ಮೂರು ದಿನ ಕದಲದೆ ಕೂತಿದ್ದ ಜನ ಒಬ್ಬೊಬ್ಬರಾಗಿ ಎದ್ದರು. ಎಲೆಯ ಕಡೆ ಯಾರೂ ಕೈ ಚಾಚಲಿಲ್ಲ, ಅಯ್ಯನವರು ಸಹ. ಸಾವಿನ ಮನೆಯಿಂದ ಏಳುವವರು ಹೋಗಿಬರುತ್ತೇವೆ ಅನ್ನುವುದಿಲ್ಲ, ಸುಮ್ಮನೆ ಹೊರಟುಬಿಡುತ್ತಾರೆ. ಬಂದವರೂ ಹಾಗೇ ತಲೆ ತಗ್ಗಿಸಿ ಹೊರಟರು. ಕೊನೆಯಲ್ಲಿದ್ದ ಧನರಾಜ ಚಪ್ಪಲಿ ಮೆಟ್ಟಿಕೊಂಡವನು ಅಲ್ಲೇ ನಿಂತ, ತಿರುಗಿದ, ನಮ್ಮಿಬ್ಬರನ್ನೂ ನೋಡಿ ಗಟ್ಟಿಯಾಗಿ ಹೇಳಿದ.

"ಹೋಗಿ ಬರ್ತೀವ್ರಿ ವೈನಿ."

"ಬರ್ರಿ," ಎಂದೆ. "ಬರೂವಾಗ ಏನೂ ತರಬ್ಯಾಡ್ರಿ."